ಸುಣ್ಣದ ದುಡ್ಡು ಯಾರದು?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವವರ ಅಡ್ವಾನ್ಸಿನಲ್ಲಿ ‘ಪೇಂಟಿಂಗ್‌ಗೆ’ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಈಗ ಮಾಮೂಲು. ನಾನು ಚಾಮರಾಜಪೇಟೆಯ ವಠಾರವೊಂದಕ್ಕೆ ಸೊಸೆಯಾಗಿ ಬಂದಾಗ ಈ ಪದ್ಧತಿ ನಮ್ಮ ಬೀದಿಯಲ್ಲಿರಲಿಲ್ಲ. ಸುಣ್ಣ ಬಳಿಸುವುದು ಮನೆ ಮಾಲೀಕರ ಪಾಲಿನ ಕೆಲಸ, ಅಷ್ಟೇ.

1898ರಲ್ಲಿ ಪ್ಲೇಗು ಬಂದಮೇಲೆ ಜನ ಹಳೇ ಪೇಟೆಯ ಇಕ್ಕಟ್ಟು ಬಿಟ್ಟು ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳ ಕಡೆ ಹೊರಟರು. ಉದ್ದನೆಯ ನಿವೇಶನ ಸಿಕ್ಕವರು ಮುಂದೆ ತಮಗೊಂದು ಮನೆ ಕಟ್ಟಿಕೊಂಡು, ಹಿಂದೆ ಗುಮಾಸ್ತರಿಗೆ, ಮೇಷ್ಟರಿಗೆ ಅಂತ ಸಾಲುಮನೆ ಎಬ್ಬಿಸಿದರು. ಅದೇ ವಠಾರ. ನಡುವೆ ಬಾವಿ, ಮೂಲೆಯಲ್ಲಿ ಎಲ್ಲರಿಗೂ ಸೇರಿದ ಪಾಯಿಖಾನೆ. ಆ ಕಾಲದಲ್ಲಿ ಸುಣ್ಣ ಅಂದಕ್ಕಿಂತ ಹೆಚ್ಚಾಗಿ ರೋಗ ತಡೆಯುವುದಕ್ಕೆ ಬೇಕಾದದ್ದು.

ನಮ್ಮತ್ತೆ ಯುಗಾದಿಗೆ ಮುಂಚೆಯೇ ಸುಣ್ಣದ ಕಲ್ಲು ತರಿಸುತ್ತಿದ್ದರು. ಡ್ರಮ್ಮಿಗೆ ಕಲ್ಲು ಹಾಕಿ ನೀರು ಸುರಿದರೆ ಕೊತಕೊತ ಕುದಿಯುತ್ತಿತ್ತು. ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಅದು ಆರಿದಮೇಲೆ ಸೋಸಿ, ಕೈಗೆ ಮೆತ್ತದಿರಲೆಂದು ಅಂಟು, ಬಿಳುಪಿಗೆ ಚಿಟಿಕೆ ನೀಲಿ. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಮಳೆಗಾಲಕ್ಕೆ ಮುಂಚೆ ಮಂಗಳೂರು ಹೆಂಚು ಕೈಯಾಡಿಸಲು ಆಳು ಬರುತ್ತಿದ್ದ: ಒಡೆದದ್ದು ತೆಗೆದು, ಸರಿದದ್ದು ಕೂರಿಸಿ, ಕೋತಿಗಳನ್ನು ಬೈದು ಇಳಿಯುತ್ತಿದ್ದ. ಮುಂದಿನ ಮನೆಗೆ ಮಾತ್ರ ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿದ ಗಾರೆ ಕುಟ್ಟಿದ್ದು. ಅದು ಸೋರಲು ಶುರುವಾದರೆ ಸಿಮೆಂಟು ಮೆತ್ತಬಾರದು ಅಂತ ಹಳೇ ಗಾರೆಯವರು ಹೇಳುತ್ತಿದ್ದರು. ಯಾರೂ ಕೇಳಲಿಲ್ಲ. ಸಿಮೆಂಟಿನಡಿ ನೀರು ನಿಂತು ತೊಲೆ ಕೊಳೆತ ಮನೆಗಳನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಇದಕ್ಕೆಲ್ಲ ಬಾಡಿಗೆಯೇ ಗತಿ. ಅದಕ್ಕೆ ಕಲ್ಲು ಬಿದ್ದದ್ದು ಬಾಡಿಗೆ ನಿಯಂತ್ರಣದಿಂದ. 1961ರ ಕಾಯ್ದೆಯ ಪ್ರಕಾರ ನ್ಯಾಯಯುತ ಬಾಡಿಗೆ ಗೊತ್ತುಮಾಡುತ್ತಿದ್ದವರು ಸರ್ಕಾರದ ಕಡೆಯವರು. 21ನೇ ಕಲಮಿನ ಕಾರಣಗಳಿಲ್ಲದೆ ಬಾಡಿಗೆಯವರನ್ನು ಎಬ್ಬಿಸುವಂತಿರಲಿಲ್ಲ. ಬಡ ಸಂಸಾರಗಳಿಗೆ ಅದು ಆಸರೆಯಾಯಿತು, ಸುಳ್ಳಲ್ಲ. ಆದರೆ ಬಾಡಿಗೆ ನಿಂತಲ್ಲೇ ನಿಂತು, ಸುಣ್ಣದ ಕಲ್ಲಿನಿಂದ ಕೂಲಿಯವರೆಗೆ ಎಲ್ಲ ಏರಿತು. ಅತ್ತೆಯ ಲೆಕ್ಕದ ಪುಸ್ತಕದಲ್ಲಿ ಮೊದಲು ಹಿತ್ತಲ ಗೋಡೆಯ ಖರ್ಚು ಕಾಣೆಯಾಯಿತು, ಆಮೇಲೆ ಒಳಕೋಣೆಗಳದ್ದು. ‘ನೀವೇ ಬಳಿದುಕೊಳ್ಳಿ’ ಅನ್ನುವ ಮಾತು ಹುಟ್ಟಿದ್ದು ಆಗ. ಕೆಡವಿ ಹೊಸದು ಕಟ್ಟುವುದೂ ಎಬ್ಬಿಸಲು 21ನೇ ಕಲಮು ಒಪ್ಪುತ್ತಿದ್ದ ಕಾರಣಗಳಲ್ಲಿ ಒಂದು. ಹೀಗಾಗಿ ಕೆಲವು ಮಾಲೀಕರಿಗೆ ಹೆಂಚು ಬೀಳುವುದೇ ಬೇಕಾಗಿತ್ತು.

ಮುಂದೆ ಬಂದ ದೊಡ್ಡ ಅಡ್ವಾನ್ಸು, ಬಾಡಿಗೆಯವರು ಏಳುವುದಿಲ್ಲ ಅನ್ನುವ ಮಾಲೀಕರ ಭಯದ್ದೇ ಕೂಸು ಅಂತ ನನ್ನ ಲೆಕ್ಕ. ಹತ್ತು ತಿಂಗಳ ಬಾಡಿಗೆ ಮೊದಲೇ ಕೈಯಲ್ಲಿದ್ದರೆ ಎಬ್ಬಿಸುವುದು ಸುಲಭ, ಅದೇ ದುಡ್ಡಿನಲ್ಲಿ ರಿಪೇರಿಯೂ ಆಗುತ್ತದೆ. ನಮ್ಮ ವಠಾರದ ಜಾಗದಲ್ಲಿ ಈಗ ನಿಂತಿರುವ ಮೂರಂತಸ್ತಿಗೆ ಬ್ಯಾಂಕಿಗಿಂತ, ತಿಂಗಳ ಬಾಡಿಗೆಯ ಬದಲು ಇಡಿಗಂಟು ಕೊಟ್ಟು ಭೋಗ್ಯಕ್ಕೆ ಬಂದವರೇ ಹೆಚ್ಚು ಸಾಲ ಕೊಟ್ಟಂತಾಯಿತು; ಸಂಪು, ಬೋರ್‌ವೆಲ್, ಪೈಪು ಎಲ್ಲ ಅವರ ದುಡ್ಡು. 1999ರ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗಳನ್ನು ತನ್ನ ಹಿಡಿತದಿಂದ ಬಿಟ್ಟಿತು. ಮಾಲೀಕರ ಭಯ ಹೋಯಿತು, ಅಡ್ವಾನ್ಸು ಹೋಗಲಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಕೂಡದು ಅನ್ನುತ್ತದೆ. ನಲ್ಲಿಯ ವಾಷರ್ರು, ಸ್ವಿಚ್ಚು ಬಾಡಿಗೆಯವರದು. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಮಾಲೀಕರದು ಅಂತ ಪಟ್ಟಿಯನ್ನೇ ಕೊಟ್ಟಿದೆ. ನಮ್ಮತ್ತೆ ಮಾಡುತ್ತಿದ್ದದ್ದೂ ಅದನ್ನೇ.

ಐದು ವರ್ಷ ಮೀರಿ ಇದ್ದವರಿಂದ ನಾನು ಪೇಂಟಿಂಗ್ ದುಡ್ಡು ಹಿಡಿಯುವುದಿಲ್ಲ. ಅಷ್ಟು ದಿನಕ್ಕೆ ಬಣ್ಣ ತಾನಾಗಿಯೇ ಮಾಸುತ್ತದೆ, ಅದಕ್ಕೆ ಅವರೇನು ಮಾಡಿಯಾರು? ‘ನೀವು ಹೀಗೆ ಮಾಡಿದರೆ ನಮ್ಮ ಬಾಡಿಗೆಯವರೂ ಕೇಳ್ತಾರೆ’ ಅಂತ ಎದುರುಮನೆಯವರು ರೇಗುತ್ತಾರೆ. ಕೇಳಲಿ.