ಹಿಂಪಡೆಯೋ, ಹಿಂಕರೆಯೋ?

ಅಮೆರಿಕದ ಎಡಿಸನ್ ಊರಿನ ಕನ್ನಡಿಗರಿಗೆ ‘ಕಾರಿಗೆ ರೀಕಾಲ್ ಬಂದಿದೆ’ ಎಂದರೆ ಸಾಕು. ಪತ್ರಿಕೆಗಳ ಕನ್ನಡದಲ್ಲಿ ಮಾತ್ರ ಕಂಪನಿ ದೋಷವಿರುವ ಕಾರುಗಳನ್ನು ‘ಹಿಂಪಡೆಯುತ್ತದೆ’. ಪಡೆಯುವುದೆಂದರೆ ತನ್ನದಾಗಿಸಿಕೊಳ್ಳುವುದು. ಟಕಾಟಾ ಕಂಪನಿಯ ದೋಷಪೂರಿತ ಏರ್‌ಬ್ಯಾಗ್‌ಗಳ ಪ್ರಕರಣದಲ್ಲಿ ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳು ರೀಕಾಲ್ ಆದವು. ಆದರೆ ಡೀಲರು ಬಿಚ್ಚಿಕೊಂಡದ್ದು ಅಪಾಯದ ಭಾಗವನ್ನಷ್ಟೇ, ಕಾರು ಮಾಲೀಕರ ಮನೆಗೇ ಮರಳಿತು. ಇಂಗ್ಲಿಷಿನ ‘ಕಾಲ್’ ಹಳೆಯ ನಾರ್ಸ್ ಭಾಷೆಯ ‘ಕಲ್ಲಾ’ದಿಂದ ಬಂದದ್ದು, ಎಂದರೆ ಕೂಗುವುದು, ‘ರೀ’ ಲ್ಯಾಟಿನ್ನಿನದು, ಹಿಂದಕ್ಕೆ. ಹಾಗಾಗಿ ‘ಹಿಂಕರೆ’ಯೇ ಮೇಲು. ಕೆಟ್ಟ ಔಷಧಿ, ಆಹಾರವನ್ನು ಅಂಗಡಿಯಿಂದಲೇ ಎತ್ತಿಕೊಂಡು ಹೋಗುತ್ತಾರಲ್ಲ ಎಂದರೆ, ಅಲ್ಲಿ ‘ಹಿಂಪಡೆ’ ಇರಲಿ, ತಕರಾರಿಲ್ಲ.

‘ಕರೆ’ ಎಂದರೆ ಮದುವೆಯ ಕರೆಯೋಲೆಯಂತೆ, ಹೋದರೂ ಸರಿ ಬಿಟ್ಟರೂ ಸರಿ ಎನಿಸದೇ? ಎನಿಸುತ್ತದೆ, ಮತ್ತು ವಸ್ತುಸ್ಥಿತಿಯೂ ಅದೇ. ಮಾಲೀಕರಿಗೆ ಅಂಚೆಯಲ್ಲಿ ಪತ್ರ ಕಳಿಸುವುದು ಫೆಡರಲ್ ಕಾನೂನಿನ ಪ್ರಕಾರ ಕಂಪನಿಯ ಹೊಣೆ. 1974ರ ತಿದ್ದುಪಡಿಯ ನಂತರ ಪುಕ್ಕಟೆ ಸರಿಪಡಿಸುವುದೂ ಅದರದೇ ಹೊಣೆ. ಕಾರು ಒಯ್ಯುವುದು ಮಾತ್ರ ಮಾಲೀಕರಿಗೆ ಬಿಟ್ಟದ್ದು. ಕೈ ಬದಲಾದ ಹಳೆಯ ಕಾರಿನ ಓಲೆ ಹಿಂದಿನವರ ವಿಳಾಸಕ್ಕೆ ಹೋಗಿಬಿಡಬಹುದು. ಆಗ ವಾಹನದ ಗುರುತಾದ 17 ಅಕ್ಷರ-ಅಂಕಿಗಳ ವಿನ್ ಸಂಖ್ಯೆ ಕೊಟ್ಟು ಕರೆ ಬಾಕಿಯಿದೆಯೇ ಎಂದು ನಾವೇ ವಿಚಾರಿಸಬೇಕು.