ಕನ್ನಡದಲ್ಲಿ ವಿದೇಶ ವರದಿಗಾರಿಕೆ

ಹೊರದೇಶಗಳ ರಾಜಕೀಯ, ಧರ್ಮ, ಜನಜೀವನಗಳನ್ನು ಕನ್ನಡ ಓದುಗರಿಗೆ ಮುಟ್ಟಿಸುವ ಬರವಣಿಗೆ ಕನ್ನಡ ಪತ್ರಿಕೋದ್ಯಮದಷ್ಟೇ ಹಳೆಯದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ ‘ಮಂಗಳೂರ ಸಮಾಚಾರ’ದಲ್ಲೇ ಊರ ವರ್ತಮಾನದ ಪಕ್ಕ ಸರ್ವರಾಜ್ಯ ವರ್ತಮಾನಕ್ಕೂ ಜಾಗವಿತ್ತು. ಕಲ್ಲಚ್ಚಿನ ಆ ಪಾಕ್ಷಿಕ ಮರುವರ್ಷ ಬಳ್ಳಾರಿಗೆ ಹೋಗಿ ‘ಕಂನಡ ಸಮಾಚಾರ’ವಾಯಿತು.

ದಿನಪತ್ರಿಕೆಗಳು ಬಂದ ಮೇಲೆ ವಿದೇಶ ಸುದ್ದಿಯೆಂದರೆ ಬಹುಮಟ್ಟಿಗೆ ಅನುವಾದ. ಟೆಲಿಪ್ರಿಂಟರ್ ಕಕ್ಕುತ್ತಿದ್ದ ಇಂಗ್ಲಿಷ್ ಪಠ್ಯವನ್ನು ರಾತ್ರಿಪಾಳಿಯ ಉಪಸಂಪಾದಕರು ಕನ್ನಡಕ್ಕೆ ತರುತ್ತಿದ್ದರು. ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ಆದರೂ ವಿಶ್ವಸಂಸ್ಥೆ, ಶೀತಲಸಮರದಂಥ ಪದಗಳನ್ನು ಮನೆಮಾತಾಗಿಸಿದವರು ಅವರೇ. ಕಣ್ಣಾರೆ ಕಂಡ ವಿವರ ಬೇಕಿದ್ದವರು ಸಾಹಿತಿಗಳನ್ನು ಓದಬೇಕಿತ್ತು: ಯುರೋಪಿನ ಬಗ್ಗೆ ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಅಮೆರಿಕದ ಬಗ್ಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೊರೂರರ ‘ಅಮೆರಿಕದಲ್ಲಿ ಗೊರೂರು’. ವರದಿಗಾರ ಮಾಡಬೇಕಿದ್ದ ಕೆಲಸವನ್ನು ಹೀಗೆ ಪ್ರವಾಸಿಗರು ಮಾಡಿದರು.

ಈ ಚರಿತ್ರೆಯಲ್ಲಿ ದಕ್ಷಿಣ ಬೆಂಗಳೂರಿಗೆ ಎರಡು ಮುಖಗಳಿವೆ. ತ್ಯಾಗರಾಜನಗರದ ನೆರೆಯ ಎನ್.ಆರ್. ಕಾಲೊನಿಯಲ್ಲಿರುವ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಡಿ.ವಿ. ಗುಂಡಪ್ಪ 1945ರಲ್ಲಿ ಸ್ಥಾಪಿಸಿದರು. ಲೋಕದ ರಾಜಕಾರಣವನ್ನು ಓದಿ, ತೂಗಿ, ಚರ್ಚಿಸುವುದು ಅಲ್ಲಿಯ ರೀತಿ.

ಇನ್ನೊಂದು ಮುಖ ಪದ್ಮನಾಭನಗರದ್ದು. ಮೊದಲಿನದಕ್ಕೆ ತೀರ ವಿರುದ್ಧ. ಬಳ್ಳಾರಿಯ ರವಿ ಬೆಳಗೆರೆ 1995ರಲ್ಲಿ ಆರಂಭಿಸಿದ ‘ಹಾಯ್ ಬೆಂಗಳೂರ್!’ ಅಪರಾಧ ಸುದ್ದಿಯ ಕಪ್ಪು–ಬಿಳುಪು ವಾರಪತ್ರಿಕೆಯೆಂದೇ ಹೆಸರಾದದ್ದು. ಅದೇ ಪತ್ರಿಕೆಯ ಸಂಪಾದಕರು 1999ರಲ್ಲಿ ಕಾರ್ಗಿಲ್‌ಗೆ, ಮುಂದೆ ಅಫ್ಘಾನಿಸ್ತಾನಕ್ಕೆ ಹೋದರು. ‘ಮುಸ್ಲಿಂ’ ಪುಸ್ತಕ ಬರೆದರು. 1962ರ ಚೀನಾ ಯುದ್ಧ ಕುರಿತ ಬ್ರಿಗೇಡಿಯರ್ ಜೆ.ಪಿ. ದಳವಿಯವರ ‘ಹಿಮಾಲಯನ್ ಬ್ಲಂಡರ್’ ಕೃತಿಯನ್ನು ಕನ್ನಡಕ್ಕೆ ತಂದರು. ಈ ಬರವಣಿಗೆಯಲ್ಲಿ ‘ನಾನು’ ಎಂಬುದು ದೊಡ್ಡದು. ಕೆಲವೆಡೆ ಊರಿಗಿಂತ ವರದಿಗಾರನೇ ಹೆಚ್ಚು ಕಾಣುತ್ತಾನೆ. ಆದರೆ ವಿದೇಶ ಪುಟವನ್ನು ಮಗುಚಿಹಾಕುತ್ತಿದ್ದ ಓದುಗರನ್ನು ಹಿಡಿದು ಕೂರಿಸಿದ್ದೂ ಆ ‘ನಾನು’ವೇ. ಅವರು 2020ರ ನವೆಂಬರ್‌ನಲ್ಲಿ ತೀರಿಕೊಂಡರು.

ದೃಶ್ಯವಾಹಿನಿಗಳ ಕಾಲದಲ್ಲಿ ಸುದ್ದಿಮೂಲವೇ ಬದಲಾಯಿತು. 2022ರ ಉಕ್ರೇನ್ ಯುದ್ಧದಲ್ಲಿ ಕನ್ನಡ ವಾಹಿನಿಗಳಿಗೆ ಖಾರ್ಕಿವ್‌ನ ನೆಲಮಾಳಿಗೆಗಳಿಂದ ಸುದ್ದಿ ಕೊಟ್ಟವರು ಅಲ್ಲಿ ಸಿಕ್ಕಿಬಿದ್ದಿದ್ದ ವೈದ್ಯಕೀಯ ವಿದ್ಯಾರ್ಥಿಗಳು, ಮೊಬೈಲ್‌ನಲ್ಲಿ. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಶೆಲ್ ದಾಳಿಗೆ ಬಲಿಯಾದ ಮೇಲೆ ಆ ದೂರದ ಯುದ್ಧ ಜಿಲ್ಲಾ ಪುಟದ ಸುದ್ದಿಯೂ ಆಯಿತು.