ಕಾವೇರಿ–ಕಪಿಲೆಯ ತೀರದಲ್ಲಿ ಊರುಗಳು ನೆಲೆಗೊಂಡ ಬಗೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಮೈಸೂರು ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. ನಂಜನಗೂಡನ್ನು ದಾಟಿ ಬರುವ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ನೀರು ಒಂದೇ ಆದರೂ ಇಲ್ಲಿನ ಪ್ರಮುಖ ನೆಲೆಗಳು ಹುಟ್ಟಿದ ಕಾರಣಗಳು ಬೇರೆ ಬೇರೆ. ತಲಕಾಡು ರಾಜಧಾನಿಯಾಗಿ ಬೆಳೆಯಿತು, ಸೋಮನಾಥಪುರ ಅಗ್ರಹಾರವಾಗಿ ಸ್ಥಾಪನೆಗೊಂಡಿತು, ನಂಜನಗೂಡು ಯಾತ್ರಾಸ್ಥಳವಾಗಿ ಹಬ್ಬಿತು.

ಇವುಗಳಲ್ಲಿ ಯಾವುದೂ ಬರಿದಾದ ನೆಲದಲ್ಲಿ ತಲೆಯೆತ್ತಿದ್ದಲ್ಲ. ತಿ. ನರಸೀಪುರದ ಸಂಗಮದ ಬಳಿ ನವಶಿಲಾಯುಗದ ಜನವಸತಿಯ ಕುರುಹುಗಳು ದೊರೆತಿದ್ದು, ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನಡೆದ ಉತ್ಖನನದ ವರದಿ 1971ರಲ್ಲಿ ಪ್ರಕಟವಾಯಿತು. ಅರಸರೂ ದಂಡನಾಯಕರೂ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಇಲ್ಲಿ ಒಕ್ಕಲಿತ್ತು. ಶಾಸನಗಳು ‘ಸ್ಥಾಪಿಸಿದ’ ಎಂದು ಹೇಳುವಾಗ ಈ ಮಾತನ್ನು ನೆನಪಿನಲ್ಲಿಡುವುದು ಅಗತ್ಯ.

ರಾಜಧಾನಿ ತಲಕಾಡು

ಕೋಲಾರದಲ್ಲಿದ್ದ ಗಂಗರು ತಮ್ಮ ರಾಜಧಾನಿಯನ್ನು ಕಾವೇರಿ ತೀರದ ತಲಕಾಡಿಗೆ ವರ್ಗಾಯಿಸಿದರು. ನದಿಯ ತಿರುವು ಒದಗಿಸುವ ರಕ್ಷಣೆ, ನೀರಾವರಿಗೆ ಒದಗುವ ಬಯಲು, ತಮಿಳು ಸೀಮೆಯತ್ತ ಸಾಗುವ ದಾರಿ ಇವೆಲ್ಲವೂ ಇಲ್ಲಿದ್ದವು. ಆ ದಾರಿಯೇ ಮುಂದೆ ಮುಳುವಾಯಿತು. 1004ರಲ್ಲಿ ಚೋಳರು ತಲಕಾಡನ್ನು ಗೆದ್ದು ಅದಕ್ಕೆ ರಾಜರಾಜಪುರವೆಂದೂ ಗಂಗವಾಡಿಗೆ ಮುಡಿಗೊಂಡ ಚೋಳಮಂಡಲವೆಂದೂ ಹೆಸರಿಟ್ಟರು. ಸುಮಾರು 1117ರಲ್ಲಿ ಹೊಯ್ಸಳ ವಿಷ್ಣುವರ್ಧನ ಅವರನ್ನು ಹೊರದೂಡಿ ‘ತಲಕಾಡುಗೊಂಡ’ ಎಂಬ ಬಿರುದು ಧರಿಸಿದ. ವಿಜಯದ ನೆನಪಿಗೆ ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದ. ಊರನ್ನು ಆವರಿಸಿದ ಮರಳಿಗೆ ಜನಮನದಲ್ಲಿ ಅಲಮೇಲಮ್ಮನ ಶಾಪವೇ ಕಾರಣ. ವಿಜಯನಗರದ ಕಾಲದ ಮಾಧವಮಂತ್ರಿ ಅಣೆಕಟ್ಟೆಯಿಂದ ನದಿಯ ಪಾತ್ರದ ಮರಳು ಬಯಲಾಗಿ, ಗಾಳಿಗೆ ಊರಿನತ್ತ ತೂರಿಬಂದಿತೆಂಬುದು ಕೆಲವು ಸಂಶೋಧಕರ ವಿವರಣೆ. ಗದ್ದೆಗೆ ನೀರು ತಂದ ಕಟ್ಟೆಯೇ ಗುಡಿಗಳನ್ನು ಹೂತಿತೆಂಬುದು ನಿಜವಾದರೆ, ಶಾಪದ ಕಥೆಗಿಂತ ಅದೇನೂ ಕಡಿಮೆ ವಿಷಾದದ್ದಲ್ಲ.

ದಂಡನಾಯಕನ ಅಗ್ರಹಾರ

ಯೋಜನಾಬದ್ಧ ನೆಲೆಗೆ ಸ್ಪಷ್ಟ ನಿದರ್ಶನ ಸೋಮನಾಥಪುರ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥ ಅರಸನ ಅನುಮತಿ ಪಡೆದು ತನ್ನ ಹೆಸರಿನಲ್ಲೇ ಅಗ್ರಹಾರವನ್ನು ನೆಲೆಗೊಳಿಸಿ, 1258ರಲ್ಲಿ ಕೇಶವ ದೇವಾಲಯವನ್ನು ಪ್ರತಿಷ್ಠಾಪಿಸಿದ. ದೇವಾಲಯದ ಆವರಣದಲ್ಲಿರುವ ಶಿಲಾಶಾಸನ ಇದಕ್ಕೆ ಆಧಾರ.

ಅಗ್ರಹಾರದ ಏರ್ಪಾಡು ಸರಳವಾದುದು. ಗ್ರಾಮದ ಭೂಮಿಯನ್ನು ವೃತ್ತಿಗಳಾಗಿ ಹಂಚಿ ವೇದಶಾಸ್ತ್ರಜ್ಞರಾದ ಬ್ರಾಹ್ಮಣರಿಗೆ ದತ್ತಿ ಬಿಡಲಾಗುತ್ತಿತ್ತು. ಸರ್ವಮಾನ್ಯವಾದರೆ ಅರಮನೆಗೆ ತೆರಿಗೆ ಸಲ್ಲಬೇಕಿರಲಿಲ್ಲ. ದಾನಿಗೆ ಪುಣ್ಯವೂ ಕೀರ್ತಿಯೂ ದಕ್ಕಿದರೆ, ಅರಸನಿಗೆ ಓದುಬರಹ ಬಲ್ಲ ನಿಷ್ಠಾವಂತರ ನೆಲೆಯೊಂದು ದೊರೆಯುತ್ತಿತ್ತು. ಉಳುವವನಿಗೆ ಮಾತ್ರ ಬದಲಾದದ್ದು ಫಸಲಿನ ಪಾಲು ಪಡೆಯುವ ಯಜಮಾನ. ದಾನಿಯ ವಂಶಾವಳಿಯನ್ನು ವಿಸ್ತಾರವಾಗಿ ಹೊಗಳುವ ಇಂಥ ಶಾಸನಗಳಲ್ಲಿ ಒಕ್ಕಲಿನ ಹೆಸರು ಕಾಣಸಿಗುವುದು ಅಪರೂಪ. ಅದೇ ದೇವಾಲಯದ ಶಿಲ್ಪಿಗಳಿಗೆ ಆ ಭಾಗ್ಯವಿತ್ತು. ಮಲ್ಲಿತಮ್ಮನ ಹೆಸರು ವಿಗ್ರಹಗಳ ಕೆಳಗೆ ಇಂದಿಗೂ ಓದಸಿಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಈ ದೇವಾಲಯವೂ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಗ್ರಹಾರದ ಬದುಕು ಮಾತ್ರ ಎಂದೋ ಮರೆಯಾಗಿದೆ.

ನಂಜುಂಡನ ಊರು

ನಂಜನಗೂಡಿಗೆ ಸೋಮನಾಥನಂಥ ಸ್ಥಾಪಕನಿಲ್ಲ. ಶ್ರೀಕಂಠೇಶ್ವರನ ಸನ್ನಿಧಿಗೆ ಬಂದ ಯಾತ್ರಿಕರೇ ಊರನ್ನು ಬೆಳೆಸಿದರು. ಚೋಳರು, ಹೊಯ್ಸಳರು, ಮೈಸೂರು ಅರಸರು ಗುಡಿಯನ್ನು ವಿಸ್ತರಿಸುತ್ತ ಬಂದರು. ಟಿಪ್ಪು ಸುಲ್ತಾನ್ ತನ್ನ ಆನೆಯ ಕಣ್ಣಿನ ರೋಗ ವಾಸಿಯಾದುದಕ್ಕೆ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂಬ ಪ್ರತೀತಿ ಇದೆ. ದಳವಾಯಿಗಳ ಕಾಲದಲ್ಲಿ, 1735ರಲ್ಲಿ, ಕಪಿಲೆಗೆ ಕಲ್ಲಿನ ಸೇತುವೆ ನಿರ್ಮಾಣವಾಯಿತು. ಮೈಸೂರಿನಿಂದ ಬಂದ ರೈಲಿಗೆ ಅದರ ಮೇಲೆಯೇ ಹಳಿ ಹಾಕಲಾಯಿತು. ಊಟಿ ರಸ್ತೆ, ರೈಲು, ಬಳಿಕ ಕೈಗಾರಿಕಾ ಪ್ರದೇಶ ಹೀಗೆ ಒಂದರ ಹಿಂದೊಂದು ಬಂದು, ಎರಡು ತಾಲ್ಲೂಕುಗಳ ಪೈಕಿ ನಂಜನಗೂಡು ಪಟ್ಟಣವಾಗಿ ಮುಂದೆ ಹೋಯಿತು. ತಿ. ನರಸೀಪುರ ನಾಲೆ–ಗದ್ದೆಗಳ ಸೀಮೆಯಾಗಿಯೇ ಉಳಿಯಿತು. ಅಲ್ಲಿನ ಸಂಗಮದಲ್ಲಿ ಕುಂಭಮೇಳ ಆರಂಭವಾದದ್ದು ತೀರಾ ಈಚೆಗೆ, 1989ರಲ್ಲಿ.

ಹೋಲಿಕೆಗೆ ದೂರದ ಉದಾಹರಣೆಯೊಂದಿದೆ. ಅಮೆರಿಕದ ಪೂರ್ವ ತೀರದಲ್ಲಿ ಇಂಗ್ಲಿಷರು 1607ರಲ್ಲಿ ಜೇಮ್ಸ್‌ಟೌನ್ ನೆಲೆಯನ್ನು ಸ್ಥಾಪಿಸಿದ್ದು ವರ್ಜೀನಿಯಾ ಕಂಪನಿಯ ಲಾಭಕ್ಕೆ. 1620ರಲ್ಲಿ ಪ್ಲಿಮತ್‌ಗೆ ಬಂದವರಲ್ಲಿ ಬಹಳಷ್ಟು ಮಂದಿ ತಮ್ಮ ಮತಾಚಾರಕ್ಕೆ ಸ್ವಾತಂತ್ರ್ಯ ಬಯಸಿದವರು. ದಕ್ಷಿಣದಲ್ಲಿ ಹೊಗೆಸೊಪ್ಪಿನ ದೊಡ್ಡ ತೋಟಗಳೂ ಗುಲಾಮಗಿರಿಯೂ ಬೇರುಬಿಟ್ಟರೆ, ಉತ್ತರದಲ್ಲಿ ಸಣ್ಣ ಹಿಡುವಳಿಗಳೂ ಬಂದರು ಪಟ್ಟಣಗಳೂ ಬೆಳೆದವು. ದೊರೆ ಒಬ್ಬನೇ ಆದರೂ ಉದ್ದೇಶ ಮತ್ತು ಮಣ್ಣು ಬೇರೆಯಾದಾಗ ಸಮಾಜವೂ ಬೇರೆಯಾಯಿತು. ಅಲ್ಲಿಯೂ ನೆಲ ಬರಿದಾಗಿರಲಿಲ್ಲ. ಮೂಲನಿವಾಸಿಗಳು ಒಕ್ಕಲಾಗಿಯೂ ಉಳಿಯದೆ ಬಹುಪಾಲು ಹೊರದೂಡಲ್ಪಟ್ಟರು. ಈ ವ್ಯತ್ಯಾಸ ಸಣ್ಣದಲ್ಲ.

ಕಾವೇರಿ ಸೀಮೆಯ ಒಕ್ಕಲುಗಳ ವಿಷಯ ಕಾನೂನಿನ ಮುಂದೆ ಬಂದದ್ದು ಸ್ವಾತಂತ್ರ್ಯಾನಂತರ. 1954ರಲ್ಲಿ ವೈಯಕ್ತಿಕ ಮತ್ತು ಇತರ ಇನಾಮುಗಳನ್ನೂ 1955ರಲ್ಲಿ ಧಾರ್ಮಿಕ ಹಾಗೂ ಧರ್ಮದತ್ತಿ ಇನಾಮುಗಳನ್ನೂ ರದ್ದುಪಡಿಸುವ ಕಾಯ್ದೆಗಳು ಮೈಸೂರು ರಾಜ್ಯದಲ್ಲಿ ಬಂದವು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಅನ್ವಯ ಗೇಣಿದಾರರು ಭೂನ್ಯಾಯ ಮಂಡಳಿಗಳ ಮುಂದೆ ಅರ್ಜಿ ಸಲ್ಲಿಸಿ, ತಾವು ಉಳುತ್ತಿದ್ದ ಭೂಮಿಯ ಹಕ್ಕನ್ನು ತಮ್ಮ ಹೆಸರಿನಲ್ಲಿ ದಾಖಲಿಸಿಕೊಳ್ಳುವುದು ಸಾಧ್ಯವಾಯಿತು.